ಬೇರೆ ನಕ್ಷತ್ರದ ಧೂಮಕೇತು: ಕುದಾಪುರದ ಬಯಲಿನಿಂದ ಹಿಂಬಾಲಿಸುವುದು ಹೇಗೆ?

ಸೌರಮಂಡಲದ ಆಚೆಯಿಂದ ಬಂದು ಹಾದುಹೋದ ಮೂರು ಕಾಯಗಳು ಈವರೆಗೆ ನಮ್ಮ ಕಣ್ಣಿಗೆ ಬಿದ್ದಿವೆ: 2017ರಲ್ಲಿ ಔಮುವಾಮುವಾ, 2019ರಲ್ಲಿ ಬೋರಿಸೊವ್, 2025ರ ಜುಲೈ 1ರಂದು ಚಿಲಿಯಲ್ಲಿ ಪತ್ತೆಯಾದ 3ಐ/ಅಟ್ಲಾಸ್. ಎರಡನೆಯದನ್ನು ಕಂಡುಹಿಡಿದ ಗೆನ್ನಡಿ ಬೋರಿಸೊವ್ ಬಳಸಿದ್ದು ತಾವೇ ತಯಾರಿಸಿದ ದೂರದರ್ಶಕ. ಹೊಸಕೋಟೆಯಿಂದ ನಡೆಸುವ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕವೂ ಆ ಧೂಮಕೇತುವನ್ನು ಅಧ್ಯಯನ ಮಾಡಿತು. ಮುಂದಿನದು ಯಾವಾಗ ಬರುತ್ತದೋ, ಅಷ್ಟರಲ್ಲಿ ಮಾಮೂಲಿ ಧೂಮಕೇತುಗಳ ಮೇಲೆ ಕೈ ಪಳಗಿಸಿಕೊಳ್ಳಿ.

ಹಂತ 1: ಜಾಗ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕಡಿಮೆ, ಬಯಲು ಹೆಚ್ಚು. ಆದರೆ ಕುದಾಪುರದ ಸುತ್ತಮುತ್ತ ಸಾವಿರಾರು ಎಕರೆ ಕಾವಲು ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೊ, ಬಿಎಆರ್‌ಸಿಗಳ ಪಾಲಾಗಿದೆ. ಆ ಕಾಂಪೌಂಡುಗಳ ಬಳಿ ರಾತ್ರಿ ಹೊತ್ತು ಕ್ಯಾಮೆರಾ ಹಿಡಿದು ನಿಲ್ಲಬೇಡಿ. ಪರಿಚಯದವರ ಶೇಂಗಾ ಹೊಲ ಸಾಕು. ಪಕ್ಕದಲ್ಲಿ ಕುರಿಮಂದೆ ನಿಲ್ಲಿಸಿದವರಿದ್ದರೆ ಹಗಲಲ್ಲೇ ಒಂದು ಮಾತು ಹೇಳಿಡಿ. ಮಂದೆಯ ನಾಯಿಗಳು ಹೊಸಬರನ್ನು ಸುಮ್ಮನೆ ಬಿಡುವುದಿಲ್ಲ.

ಹಂತ 2: ವಿಳಾಸ. ನಾಸಾದ ಹೊರೈಜನ್ಸ್ ಸೇವೆಯಲ್ಲಿ ಧೂಮಕೇತುವಿನ ಹೆಸರು, ನಿಮ್ಮ ಅಕ್ಷಾಂಶ, ರೇಖಾಂಶ ಕೊಟ್ಟರೆ ಅದು ಯಾವ ಗಂಟೆಗೆ ಆಕಾಶದ ಎಲ್ಲಿರುತ್ತದೆಂಬ ಪಟ್ಟಿ ಸಿಗುತ್ತದೆ. ಉಚಿತವಾಗಿ ಸಿಗುವ ಸ್ಟೆಲೇರಿಯಂನಲ್ಲಿ ಆ ಜಾಗ ನೋಡಿಕೊಳ್ಳಿ. ಮಳೆ ನಕ್ಷತ್ರಗಳ ಹೆಸರು ಬಲ್ಲವರಿಗೆ ಗುರುತು ಬೇಗ ಹತ್ತುತ್ತದೆ. 2025ರ ನವೆಂಬರ್, ಡಿಸೆಂಬರ್‌ನಲ್ಲಿ ಅಟ್ಲಾಸ್ ಚಿತ್ತೆಯ ಕಡೆಯಿಂದ ಮಘೆಯ ಕಡೆಗೆ, ಅಂದರೆ ಮಳೆಗಳ ಕ್ರಮಕ್ಕೆ ಉಲ್ಟಾ ಸಾಗಿತು. ಗ್ರಹಗಳು ಸೂರ್ಯನನ್ನು ಸುತ್ತುವ ದಿಕ್ಕಿಗೆ ಎದುರಾಗಿ ಬಂದ ಕಾಯ ಅದು.

ಹಂತ 3: ಸಲಕರಣೆ. ಅಟ್ಲಾಸ್ ಬರಿಗಣ್ಣಿಗೆ ಕಾಣುವಷ್ಟು ಎಂದೂ ಬೆಳಗಲಿಲ್ಲ. 8 ಇಂಚಿನ ದೂರದರ್ಶಕ, ಕ್ಯಾಮೆರಾ, ಆಕಾಶದ ಜೊತೆ ತಿರುಗುವ ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಸ್ಟ್ಯಾಂಡಿನ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ನೇರ ಮಾಡಬೇಕು. ಇಲ್ಲಿ ಅದು ದಿಗಂತದಿಂದ ಸುಮಾರು 14 ಡಿಗ್ರಿ ಮೇಲಷ್ಟೇ, ತೋಳು ಚಾಚಿ ಹಿಡಿದ ಒಂದೂವರೆ ಮುಷ್ಟಿಯ ಎತ್ತರದಲ್ಲಿ. ಉತ್ತರಕ್ಕೆ ಮರ, ಮನೆ ಅಡ್ಡ ಬರದಂತೆ ನೋಡಿಕೊಳ್ಳಿ. ಲೆನ್ಸ್ ಮೇಲೆ ಇಬ್ಬನಿ ಕೂತಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಿ.

ಹಂತ 4: ಚಲನೆ ಹಿಡಿಯುವುದು. ಇಡೀ ಕೆಲಸದ ಜೀವಾಳ ಇದೇ, ಅವಸರ ಬೇಡ. ಮೂವತ್ತು ಸೆಕೆಂಡಿನ ಹತ್ತಾರು ಚಿತ್ರ ತೆಗೆದು ಒಟ್ಟುಗೂಡಿಸಿ. ಒಂದು ಗಂಟೆ ಬಿಟ್ಟು ಅದೇ ಜಾಗದ ಇನ್ನೊಂದು ಸರಣಿ, ಮತ್ತೊಂದು ಗಂಟೆಗೆ ಮೂರನೆಯದು. ನಕ್ಷತ್ರಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸಿ, ಪರದೆಯ ಮೇಲೆ ಬೇಗಬೇಗ ಬದಲಿಸುತ್ತ ನೋಡಿ. ಉಳಿದದ್ದೆಲ್ಲ ನಿಂತಲ್ಲೇ ನಿಂತಿರುತ್ತದೆ. ಒಂದು ಮಬ್ಬು ಚುಕ್ಕೆ ಮಾತ್ರ ಪಕ್ಕಕ್ಕೆ ನೆಗೆಯುತ್ತದೆ. ಡಿಸೆಂಬರ್‌ನಲ್ಲಿ ಅಟ್ಲಾಸ್ ದಿನಕ್ಕೆ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರ ಅಗಲದಷ್ಟು ಸರಿಯುತ್ತಿತ್ತು. ಮೂರೂ ಚಿತ್ರಗಳಲ್ಲಿ ಚುಕ್ಕೆ ಒಂದೇ ಗೆರೆಯಲ್ಲಿ, ಒಂದೇ ವೇಗದಲ್ಲಿ ಸರಿದರೆ ನಂಬಿ. ಎರಡೇ ಚಿತ್ರ ನಂಬಿದರೆ ಕ್ಯಾಮೆರಾದ ದೋಷವೂ ಧೂಮಕೇತುವಿನಂತೆ ಕಂಡೀತು.

ಹಂತ 5: ಸಮಯ, ಸ್ಥಾನ. ಖಗೋಳದ ದಾಖಲೆ ಯುಟಿಸಿಯಲ್ಲಿ ಇರಬೇಕು: ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಕುದಾಪುರದ ಬೆಳಗಿನ ಜಾವ 4:30 ಎಂದರೆ ಹಿಂದಿನ ದಿನದ ರಾತ್ರಿ 11. ತಾರೀಖೂ ಬದಲಾಗುತ್ತದೆ, ಎಚ್ಚರ. ಸ್ಥಾನ ಅಳೆಯಲು ಆಸ್ಟ್ರೊಮೆಟ್ರಿಕಾದಂಥ ತಂತ್ರಾಂಶವಿದೆ. ಧೂಮಕೇತು ಧೂಳು, ಅನಿಲದ ಮಬ್ಬು ಹೊದ್ದಿರುವುದರಿಂದ ಅದರ ನಡು ಗುರುತಿಸುವುದು ನಿಜಕ್ಕೂ ಕಷ್ಟ. ಪಳಗಿದ ವೀಕ್ಷಕರಿಗಾಗಿಯೂ ಅಟ್ಲಾಸ್ ಮೇಲೆ ಒಂದು ಅಂತರರಾಷ್ಟ್ರೀಯ ಅಳತೆ ಅಭಿಯಾನ ನಡೆಯಿತು.

ಇಷ್ಟೆಲ್ಲ ಶ್ರಮ ಯಾಕೆಂದರೆ, ಕಾಯ ಹೊರಗಿನದೆಂದು ಹೇಳುವುದು ಅದರ ರೂಪವಲ್ಲ, ದಾರಿ. ಕಕ್ಷೆಯ ಉತ್ಕೇಂದ್ರತೆ, ಅಂದರೆ ದಾರಿ ವೃತ್ತಕ್ಕಿಂತ ಎಷ್ಟು ಬೇರೆಯಾಗಿದೆ ಎಂಬ ಅಳತೆ, 1ಕ್ಕಿಂತ ಕಡಿಮೆಯಿದ್ದರೆ ಅದು ಸೂರ್ಯನಿಗೆ ಕಟ್ಟುಬಿದ್ದದ್ದು. ಬೋರಿಸೊವ್‌ಗೆ ಅದು 3ಕ್ಕೂ ಹೆಚ್ಚು, ಅಟ್ಲಾಸ್‌ಗೆ 6ಕ್ಕೂ ಹೆಚ್ಚು. ಹಲವು ರಾತ್ರಿಗಳ, ಹಲವು ಊರುಗಳ ಸ್ಥಾನಗಳು ಸೇರಿದರೇನೇ ಈ ಸಂಖ್ಯೆ ಗಟ್ಟಿಯಾಗುವುದು.

ಹಂತ 6: ಕಳಿಸುವುದು. ಅಳತೆಗಳು ಸೇರುವುದು ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್‌ಗೆ. ಮೊದಲು ಕಕ್ಷೆ ಚೆನ್ನಾಗಿ ಗೊತ್ತಿರುವ ಕ್ಷುದ್ರಗ್ರಹಗಳನ್ನು ಅಳೆದು ಕಳಿಸಿ. ನಿಮ್ಮ ಅಂಕಿಗಳು ಸರಿಯಿದ್ದರೆ ನಿಮ್ಮ ಹೊಲಕ್ಕೇ ಒಂದು ವೀಕ್ಷಣಾಲಯ ಸಂಕೇತ ಸಿಗುತ್ತದೆ.