ಮುಳ್ಳೇಳುವ ದ್ರವ ಮಾಡುವ ಮುನ್ನ

ಮಗೂ, ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕಾಂತದ್ರವ ಮಾಡಿ ಇಡುತ್ತೇನೆಂದು ಹೊರಟಿದ್ದೀಯ. ಒಳ್ಳೆಯ ಆಯ್ಕೆ. ಆಯಸ್ಕಾಂತ ಹತ್ತಿರ ಬಂದೊಡನೆ ಕಪ್ಪು ದ್ರವವೊಂದು ಮೈತುಂಬ ಮುಳ್ಳೆಬ್ಬಿಸಿಕೊಂಡು ನಿಲ್ಲುವುದನ್ನು ಕಂಡು ಬೆರಗಾಗದವರಿಲ್ಲ. ಆದರೆ ಬೆರಗು ಹುಟ್ಟಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ನೋಡಿದವರು ‘ಇದು ಹೇಗಾಗುತ್ತೆ?’ ಎಂದು ಕೇಳಿದಾಗ ಸರಿಯಾದ ಉತ್ತರ ಕೊಡುವುದು ಉಳಿದರ್ಧ. ನನ್ನ ಮಾತೆಲ್ಲ ಅದಕ್ಕಾಗಿಯೇ.

ಮೊದಲು ಇದರ ಹುಟ್ಟು ತಿಳಿದುಕೋ. 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಇದನ್ನು ಮಾಡಿದ್ದು ಅಲಂಕಾರಕ್ಕಲ್ಲ. ತೂಕವಿಲ್ಲದ ಅಂತರಿಕ್ಷದಲ್ಲಿ ರಾಕೆಟ್ಟಿನ ಇಂಧನ ಟ್ಯಾಂಕಿನ ತಳದಲ್ಲಿ ನಿಲ್ಲುವುದಿಲ್ಲ. ಅದನ್ನು ಪಂಪಿನ ಬಾಯಿಗೆ ತರುವುದು ಹೇಗೆ? ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡನ್ನು ಇಂಧನದೊಳಗೆ ಸೇರಿಸಿ ಆಯಸ್ಕಾಂತದಿಂದ ಎಳೆದರಾಯಿತು ಎಂದು ಅವರು ಯೋಚಿಸಿದರು. ಆ ದ್ರವ ಇಂದು ಧ್ವನಿವರ್ಧಕದ ಸುರುಳಿಯ ಬಿಸಿಯನ್ನು ಹೊರಕ್ಕೆ ಸಾಗಿಸುತ್ತದೆ, ನಿರ್ವಾತ ಯಂತ್ರಗಳಲ್ಲಿ ತಿರುಗುವ ದಂಡದ ಸುತ್ತ ಗಾಳಿ ನುಸುಳದಂತೆ ತಡೆಯುತ್ತದೆ. ಮ್ಯಾಗ್ನೆಟೈಟ್ ನಮಗೇನೂ ಹೊಸದಲ್ಲ. ನಮ್ಮ ಕುದುರೆಮುಖದ ಗಣಿಯಿಂದ ತೆಗೆಯುತ್ತಿದ್ದದ್ದು ಅದರದೇ ಅದಿರು.

ಗುಟ್ಟಿರುವುದು ಕಣದ ಗಾತ್ರದಲ್ಲಿ. ನಿಜವಾದ ಕಾಂತದ್ರವದ ಕಣ ಸುಮಾರು 10 ನ್ಯಾನೋಮೀಟರ್. ಅಷ್ಟು ಸಣ್ಣ ಕಣವನ್ನು ಸುತ್ತಲಿನ ದ್ರವದ ಅಣುಗಳು ಸದಾ ತಳ್ಳಾಡುತ್ತಿರುತ್ತವೆ, ತಳಕ್ಕೆ ಕೂರಲು ಬಿಡುವುದಿಲ್ಲ. ಬೆಂದ ಶಾವಿಗೆ ಒಂದಕ್ಕೊಂದು ಅಂಟದಿರಲೆಂದು ಎಣ್ಣೆ ಸವರುವ ಹಾಗೆ ಪ್ರತಿ ಕಣಕ್ಕೂ ಓಲಿಕ್ ಆಮ್ಲದಂಥ ಲೇಪ ಇರುತ್ತದೆ. ಆದ್ದರಿಂದಲೇ ಆಯಸ್ಕಾಂತ ಸೆಳೆದಾಗ ಕಣಗಳಷ್ಟೇ ಓಡುವುದಿಲ್ಲ, ಇಡೀ ದ್ರವವೇ ಏಳುತ್ತದೆ. ಕಾಂತಬಲ ಮೇಲಕ್ಕೆಳೆಯುತ್ತದೆ, ಗುರುತ್ವವೂ ಮೇಲ್ಮೈ ಎಳೆತವೂ ಕೆಳಕ್ಕೆ ಜಗ್ಗುತ್ತವೆ. ಕಾಂತಕ್ಷೇತ್ರ ಒಂದು ಮಿತಿ ದಾಟಿದೊಡನೆ ಮುಳ್ಳುಗಳು ಜೇನುಗೂಡಿನ ಷಟ್ಕೋನ ವಿನ್ಯಾಸದಲ್ಲಿ ಎದ್ದು ನಿಲ್ಲುತ್ತವೆ. ಇದರ ಲೆಕ್ಕವನ್ನು 1967ರಲ್ಲಿ ಕೌಲಿ ಮತ್ತು ರೋಸೆನ್ಸ್‌ವೈಗ್ ಬಿಡಿಸಿಟ್ಟರು.

ಈಗ ನಿನ್ನ ಕೈಗೆಟಕುವ ದಾರಿ. ಲೇಸರ್ ಪ್ರಿಂಟರಿನ ಕಪ್ಪು ಟೋನರ್ ಪುಡಿಯನ್ನು ಅಡುಗೆ ಎಣ್ಣೆಯಲ್ಲಿ ಕಲಸುವುದು. ಎಲ್ಲ ಟೋನರಿನಲ್ಲೂ ಕಬ್ಬಿಣದ ಆಕ್ಸೈಡ್ ಇರುವುದಿಲ್ಲ. ಚಿಟಿಕೆ ಪುಡಿಯನ್ನು ಕಾಗದದಲ್ಲಿ ಮಡಿಚಿ ಆಯಸ್ಕಾಂತ ಹಿಡಿ. ಎಳೆದರೆ ಮಾತ್ರ ಮುಂದುವರಿ. ಪುಡಿಗೆ ಎಣ್ಣೆಯನ್ನು ಹನಿಹನಿಯಾಗಿ ಬೆರೆಸು. ಚಮಚದಿಂದ ಎತ್ತಿ ಸುರಿದರೆ ಧಾರೆಯಾಗಿ ಬೀಳಬೇಕು, ಮುದ್ದೆಯಾದರೆ ಮುಳ್ಳೇಳುವುದಿಲ್ಲ. ಚಪ್ಪಟೆ ಗಾಜಿನ ಬಟ್ಟಲಿಗೆ ತೆಳುವಾಗಿ ಹಾಕಿ ಆಯಸ್ಕಾಂತವನ್ನು ಕೆಳಗಿನಿಂದ ತಾ.

ಟೋನರ್ ಕಣ ಹಲವು ಮೈಕ್ರೋಮೀಟರ್ ದಪ್ಪ, ಅಂದರೆ ಅಸಲಿ ಕಣಕ್ಕಿಂತ ನೂರಾರು ಪಟ್ಟು ದೊಡ್ಡದು. ಹಾಗಾಗಿ ಈ ಮಿಶ್ರಣ ನಿಂತರೆ ಎಣ್ಣೆ ಮೇಲೆ, ಪುಡಿ ಕೆಳಗೆ. ಬಲವಾದ ಆಯಸ್ಕಾಂತವನ್ನು ಸ್ವಲ್ಪ ಹೊತ್ತು ಹಿಡಿದಿದ್ದರೆ ಪುಡಿ ಅದರತ್ತ ಸರಿದು ಎಣ್ಣೆ ಬೇರೆಯಾಗುತ್ತದೆ. ಇದು ನಿನ್ನ ಸೋಲಲ್ಲ, ನಿನ್ನ ಪ್ರಯೋಗದ ಅತ್ಯುತ್ತಮ ಭಾಗ. ಬಟ್ಟಲಿನ ಪಕ್ಕದಲ್ಲೇ ಮುಚ್ಚಳ ಬಿಗಿದ ಸೀಸೆಯೊಂದರಲ್ಲಿ ಅದೇ ಮಿಶ್ರಣವನ್ನು ಅಲುಗಿಸದೆ ಇಡು. ಕಣದ ಗಾತ್ರ ಯಾಕೆ ಮುಖ್ಯ ಎಂಬುದನ್ನು ಆ ಸೀಸೆಯೇ ತೋರಿಸಿಕೊಡುತ್ತದೆ.

ಎಚ್ಚರಿಕೆಯ ವಿಷಯದಲ್ಲಿ ನನ್ನ ಮಾತು ಮೀರಬೇಡ. ಟೋನರ್ ಪುಡಿ ಉಸಿರಿಗೆ ಸೇರಬಾರದು: ಫ್ಯಾನ್ ನಿಲ್ಲಿಸು, ಮಾಸ್ಕ್ ಮತ್ತು ಕೈಗವಸು ಹಾಕಿಕೋ, ಚೆಲ್ಲಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸು. ಹಾರುವ ಸಣ್ಣ ಪುಡಿಗೆ ಬೆಂಕಿ ಹತ್ತಬಹುದು, ಒಲೆಯಿಂದ ದೂರವಿರು. ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತು, ಕಪ್ಪು ಹತ್ತಿದರೆ ಬಿಡಿಸುವುದು ಬಲು ಕಷ್ಟ. ನಿಯೋಡಿಮಿಯಂ ಆಯಸ್ಕಾಂತ ಬೆರಳನ್ನು ಕಚ್ಚಿ ಹಿಡಿಯುವಷ್ಟು ಬಲದ್ದು. ಪುಟ್ಟ ಮಕ್ಕಳು ಎರಡನ್ನು ನುಂಗಿದರೆ ಕರುಳನ್ನು ನಡುವೆ ಸಿಕ್ಕಿಸಿ ಪ್ರಾಣಕ್ಕೇ ಕುತ್ತು ತರುತ್ತವೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರ ಹತ್ತಿರ ತರಲೇಬೇಡ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಹಳೆಯ ಪತ್ರಿಕೆಯಲ್ಲಿ ಹೀರಿಸಿ ಕಟ್ಟಿ ಕಸಕ್ಕೆ ಹಾಕು, ಸಿಂಕಿಗೆ ಸುರಿಯಬೇಡ.

ಫೆರಿಕ್ ಮತ್ತು ಫೆರಸ್ ಕ್ಲೋರೈಡನ್ನು ಎರಡಕ್ಕೊಂದರ ಪ್ರಮಾಣದಲ್ಲಿ ಬೆರೆಸಿ, ಅಮೋನಿಯ ಹನಿಸಿ ಅಸಲಿ ಕಣಗಳನ್ನೇ ಮಾಡುವ ವಿಧಾನವೂ ಇದೆ. ಅದರ ಆಸೆ ನಿನಗೆ ಬಂದೇ ಬರುತ್ತದೆ, ಬರಲಿ. ಆದರೆ ಅದು ಅಡುಗೆಮನೆಯ ಕೆಲಸವಲ್ಲ. ಅಮೋನಿಯದ ಹೊಗೆ ಕಣ್ಣು, ಶ್ವಾಸಕೋಶ ಎರಡನ್ನೂ ಸುಡುತ್ತದೆ. ಕಾಲೇಜಿನ ಪ್ರಯೋಗಾಲಯ, ಹೊಗೆ ಹೊರಹಾಕುವ ಕಪಾಟು, ಪಕ್ಕದಲ್ಲಿ ಬಲ್ಲ ಮೇಷ್ಟರು, ಈ ಮೂರೂ ಕೂಡಿಬರುವವರೆಗೆ ತಾಳಿಕೋ.

ಕೊನೆಯದಾಗಿ, ನಿನ್ನ ಫಲಕದ ಮೇಲೆ ‘ಟೋನರ್ ಮತ್ತು ಎಣ್ಣೆಯ ಮಿಶ್ರಣ: ಕಾಂತದ್ರವದ ಮಾದರಿ’ ಎಂದೇ ಬರೆ. ಬಹುಮಾನ ಕೈತಪ್ಪೀತೆಂದು ದೊಡ್ಡ ಹೆಸರು ಹಾಕಬೇಡ. ಅಸಲಿಗೂ ನಿನ್ನದಕ್ಕೂ ಇರುವ ಅಂತರವನ್ನು ನೀನೇ ಬಾಯಿಬಿಟ್ಟು ವಿವರಿಸು. ಆ ಅಂತರವನ್ನು ಅರಿತವರಿಗೆ ಮುಂದೆ ಅದನ್ನು ದಾಟುವ ದಾರಿಯೂ ಕಾಣುತ್ತದೆ.