ಹಬ್ಬದ ಮಧ್ಯಾಹ್ನಕ್ಕೊಂದು ಚೌಕಾಬಾರ

ಉಗಾದಿಯ ಹೋಳಿಗೆ ಊಟ ಮುಗಿದ ಮೇಲೆ ಬಳ್ಳಾರಿಯ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಸಿರುಗುಪ್ಪ, ಕುರುಗೋಡಿನಿಂದ ಬಂದ ನೆಂಟರೂ ಮೊಬೈಲ್ ಹಿಡಿದು ಒಂದೊಂದು ಮೂಲೆ ಸೇರುತ್ತಾರೆ. ಆ ಹೊತ್ತಿಗೆ ಒಂದು ಸುಣ್ಣದ ಬಳಪ, ನಾಲ್ಕು ಹುಣಸೆ ಬೀಜ ಸಾಕು.

ನೆಲದ ಮೇಲೆ ಐದಕ್ಕೆ ಐದು, ಅಂದರೆ 25 ಮನೆ ಬರೆಯಬೇಕು. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೀಟು ಹಾಕಿದರೆ ಅವು ಕಟ್ಟೆ. ಅಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತಿಕ್ಕಿದರೆ ಬಿಳುಪು ಕಾಣುತ್ತದೆ, ಅದೇ ಕವಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಂದು ಬಿದ್ದರೆ ಬಾರ, ಎಂಟು ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು ಬೇಡ, ಮಕ್ಕಳ ಕೈಗೆ ಚುಚ್ಚೀತು. ಬಣ್ಣಬಣ್ಣದ ಗುಂಡಿಗಳೇ ವಾಸಿ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಮಾತ್ರ ಬಿಡಬಾರದು, ಆಟದ ಜೀವವೇ ಅದು.

ತೆಲುಗು ಮಾತಾಡುವ ಅತ್ತೆ ಇದನ್ನೇ ಅಷ್ಟಾಚಮ್ಮ ಎನ್ನುತ್ತಾರೆ. ಎರಡು ಭಾಷೆಯ ಬಳ್ಳಾರಿಯಲ್ಲಿ ಜಗಳ ಕಾಯಲು ಅಷ್ಟು ನೆಪ ಸಾಕು!

ಮಂದಿ ಹೆಚ್ಚಿದ್ದರೆ ಪಕ್ಕದಲ್ಲೇ ಅಳಗುಳಿ ಮಣೆಯೂ ನಡೆಯಲಿ. ಮಣೆ ಇಲ್ಲದಿದ್ದರೆ ಚಹಾದ 14 ಕಾಗದದ ಲೋಟಗಳನ್ನು ಏಳೇಳರಂತೆ ಎರಡು ಸಾಲು ಇಟ್ಟು, ಒಂದೊಂದಕ್ಕೆ ಐದರಂತೆ 70 ಬೀಜ ಹಾಕಿದರಾಯಿತು. ತೊಟ್ಟಿಲ ಕೂಸುಗಳ ಕೈಗೆ ಮಾತ್ರ ಬೀಜ ಸಿಗದಿರಲಿ.

ಮರುದಿನ ಹಂಪಿಗೆ ಹೊರಟರೆ ಅಲ್ಲಿನ ಕಲ್ಲುಹಾಸುಗಳನ್ನು ಮಕ್ಕಳಿಗೆ ತೋರಿಸಿ. ಹಿಂದಿನವರು ಕೊರೆದ ಆಟದ ಮನೆಗಳು ಅಲ್ಲಿ ಇನ್ನೂ ಇವೆ.