ಸರೋವರ ಮಗುಚಿದಾಗ ಮೀನು ಎಲ್ಲಿರುತ್ತದೆ?

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಈರೀ ಎಂಬುದು ಎಲ್ಲಕ್ಕಿಂತ ಕಡಮೆ ಆಳವುಳ್ಳದ್ದು. ಹಾಗೆಂದು ಅದನ್ನು ಕಿರಿದೆಂದು ಎಣಿಸಲಾಗದು. ಅದರ ವಿಸ್ತಾರ ಸುಮಾರು 25,700 ಚದರ ಕಿಲೋಮೀಟರ್. ಉದ್ದ 388 ಕಿಲೋಮೀಟರ್, ಎಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ದೂರ. ಆದರೆ ಸರಾಸರಿ ಆಳ ಮಾತ್ರ 19 ಮೀಟರ್. ಒಂದು ದಡದಲ್ಲಿ ಕೆನಡದ ಒಂಟಾರಿಯೊ ಪ್ರಾಂತ, ಮತ್ತೊಂದು ದಡದಲ್ಲಿ ಸಂಯುಕ್ತ ಸಂಸ್ಥಾನದ ಮಿಷಿಗನ್, ಒಹಾಯೊ, ಪೆನ್ಸಿಲ್ವೇನಿಯ, ನ್ಯೂಯಾರ್ಕ್ ರಾಜ್ಯಗಳು ಇರುವುವು.

ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ದಡದ ಮರಗಳು ಎಲೆಯುದುರಿಸುವ ಕಾಲದಲ್ಲಿ, ಇಲ್ಲಿಗೆ ಗಾಳ ಹಿಡಿದು ಬರುವವರು ಮುಖ್ಯವಾಗಿ ಎರಡು ಬಗೆಯ ಬೇಟೆಯನ್ನು ಅರಸುವರು. ಒಂದು ಸ್ಮಾಲ್‌ಮೌತ್ ಬ್ಯಾಸ್, ಕನ್ನಡದಲ್ಲಿ ಕಿರುಬಾಯಿ ಬ್ಯಾಸ್ ಎನ್ನೋಣ. ಅದರ ಮೇಲ್ದವಡೆಯು ಕಣ್ಣನ್ನು ದಾಟಿ ಹಿಂದಕ್ಕೆ ಚಾಚುವುದಿಲ್ಲವಾದುದರಿಂದ ಈ ಹೆಸರು. ಇನ್ನೊಂದು, ‘ಪ್ಯಾನ್‌ಫಿಶ್’ ಎಂದು ಅಲ್ಲಿನವರು ಒಟ್ಟಾಗಿ ಕರೆಯುವ ಸಣ್ಣ ಮೀನುಗಳು: ಹಳದಿ ಪರ್ಚ್, ಬ್ಲೂಗಿಲ್, ಕ್ರಾಪಿ ಮೊದಲಾದುವು. ಕಾವಲಿಯ ಮೇಲೆ ಇಡಿಯಾಗಿ ಹಿಡಿಸುವಷ್ಟು ಗಾತ್ರದ ಮೀನು ಎಂಬುದಷ್ಟೇ ಆ ಮಾತಿನ ಅರ್ಥ. ಇದು ಅಡಿಗೆಮನೆಯ ವರ್ಗೀಕರಣವೇ ಹೊರತು ಪ್ರಾಣಿಶಾಸ್ತ್ರದ್ದಲ್ಲ. ಶಾಸ್ತ್ರದ ಪ್ರಕಾರ ಕಿರುಬಾಯಿ ಬ್ಯಾಸೂ ಬ್ಲೂಗಿಲ್ಲೂ ಒಂದೇ ಕುಟುಂಬಕ್ಕೆ ಸೇರಿದುವು. ಹಳದಿ ಪರ್ಚ್ ಬೇರೆಯದೇ ಕುಟುಂಬ.

ಆಗಸ್ಟಿನಲ್ಲಿ ಮೀನು ಸಿಕ್ಕಿದ ಜಾಗದಲ್ಲಿಯೇ ಅಕ್ಟೋಬರಿನಲ್ಲಿ ಗಾಳ ಇಳಿಬಿಟ್ಟರೆ ಅನೇಕ ವೇಳೆ ಏನೂ ಸಿಗದು. ಮೀನು ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರವನ್ನು ಮೀನಿನಲ್ಲಿ ಹುಡುಕುವ ಮೊದಲು ನೀರಿನಲ್ಲಿ ಹುಡುಕಬೇಕು.

ನಮ್ಮ ಬಚ್ಚಲ ಹಂಡೆಯನ್ನು ನೆನೆದುಕೊಳ್ಳಿರಿ. ಬೆಂಕಿ ಕೆಳಗೆ ಇದೆ. ತಳದ ನೀರು ಕಾದು ಹಗುರಾಗಿ ಮೇಲೇರುವುದು. ಮೇಲಿನ ತಣ್ಣನೆಯ ನೀರು ಕೆಳಗಿಳಿಯುವುದು. ಹೀಗೆ ಹಂಡೆಯೆಲ್ಲ ಕಲೆತು ಕಾಯುವುದು. ಸರೋವರದ ಒಲೆಯಾದರೋ ಆಕಾಶದಲ್ಲಿದೆ. ಸೂರ್ಯನ ಶಾಖದ ಬಹುಭಾಗವನ್ನು ಮೇಲಿನ ಕೆಲವೇ ಮೀಟರುಗಳ ನೀರು ಹೀರಿಕೊಳ್ಳುವುದು. ಕಾದ ನೀರು ಹಗುರಾದುದರಿಂದ ಮೇಲೆಯೇ ಉಳಿಯುವುದು. ಬೇಸಗೆ ಬಲಿತಂತೆ ಸರೋವರವು ಎರಡು ಅಂತಸ್ತಿನ ಮನೆಯಂತೆ ಆಗುವುದು: ಮೇಲೆ ಗಾಳಿಯಿಂದ ಕಲಕಿದ ಬೆಚ್ಚನೆಯ ಪದರ, ಕೆಳಗೆ ಕದಲದ ತಣ್ಣನೆಯ ಪದರ. ಇವುಗಳ ನಡುವೆ ಉಷ್ಣತೆಯು ಥಟ್ಟನೆ ಇಳಿಯುವ ತೆಳುವಾದ ಪದರಕ್ಕೆ ಥರ್ಮೋಕ್ಲೈನ್ ಎಂದು ಹೆಸರು.

ಈ ವ್ಯತ್ಯಾಸ ಎಷ್ಟು ಮಹಾ ಎಂದು ಕೇಳಬಹುದು. 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ನೀರು 997.3 ಕಿಲೋಗ್ರಾಂ ತೂಗುವುದು. 10 ಡಿಗ್ರಿಯದು 999.7 ಕಿಲೋಗ್ರಾಂ. ಸಾವಿರದಲ್ಲಿ ಎರಡೂವರೆಯಷ್ಟೂ ಇಲ್ಲದ ಈ ಅಂತರವೇ ಬಿರುಗಾಳಿಗೂ ಸುಲಭವಾಗಿ ಜಗ್ಗದ ತಡೆಯಾಗಿ ನಿಲ್ಲುವುದು. ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. 24ರಿಂದ 25 ಡಿಗ್ರಿಗೆ ಏರಿದಾಗ ಘನ ಮೀಟರಿಗೆ ಸುಮಾರು 250 ಗ್ರಾಂ ತೂಕ ಕಡಮೆಯಾಗುವುದು. 4ರಿಂದ 5ಕ್ಕೆ ಏರಿದಾಗ ಕೇವಲ 8 ಗ್ರಾಂ. ಒಂದೇ ಡಿಗ್ರಿ, ಆದರೆ ಪರಿಣಾಮದಲ್ಲಿ ಮೂವತ್ತು ಪಟ್ಟು ಅಂತರ. ಬೆಚ್ಚನೆಯ ನೀರಿನಲ್ಲಿ ಪದರಗಳು ಬಿಗಿಯಾಗಿ ನಿಲ್ಲುವುದಕ್ಕೂ, ತಣ್ಣನೆಯ ನೀರು ಸುಲಭವಾಗಿ ಕಲೆಯುವುದಕ್ಕೂ ಇದೇ ಕಾರಣ.

ಹೀಗೆ ಬಾಗಿಲು ಮುಚ್ಚಿದ ಕೆಳ ಅಂತಸ್ತಿಗೆ ಹೊಸ ಗಾಳಿ ದೊರೆಯದು. ಮೇಲಿನಿಂದ ಸತ್ತ ಪಾಚಿಯು ಸುರಿಯುತ್ತಲೇ ಇರುವುದು. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುವುವು. ವಿಸ್ಕಾನ್ಸಿನ್ ರಾಜ್ಯದ ಸರೋವರಗಳಲ್ಲಿ ಈ ವಿಷಯವನ್ನು ಕ್ರಮವಾಗಿ ಅಳೆದವರು ಎಡ್ವರ್ಡ್ ಬರ್ಜ್ ಮತ್ತು ಚಾನ್ಸಿ ಜೂಡೆ. ನೀರಿನಲ್ಲಿ ಕರಗಿದ ಅನಿಲಗಳನ್ನು ಕುರಿತ ಅವರ ದೊಡ್ಡ ಗ್ರಂಥ 1911ರಲ್ಲಿ ಹೊರಬಂದಿತು. ಅಳೆಯುವ ವಿಧಾನ 1888ರಲ್ಲಿ ವಿಂಕ್ಲರ್ ಕಂಡುಹಿಡಿದುದು. ಕಾಲೇಜಿನ ರಸಾಯನಶಾಲೆಯಲ್ಲಿ ಈಗಲೂ ಮಾಡಬಹುದು. ಬೇಕಾದ ಆಳದಿಂದ ಸೀಸೆಯಲ್ಲಿ ನೀರು ತೆಗೆದು, ಗಾಳಿ ಸೋಕದಂತೆ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಬೆರೆತ ಪೊಟ್ಯಾಸಿಯಂ ಅಯೊಡೈಡನ್ನೂ ಸೇರಿಸಬೇಕು. ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಕೂಡುವುದು. ಆಮ್ಲ ಹಾಕಿದಾಗ ಅದಕ್ಕೆ ತಕ್ಕಷ್ಟು ಅಯೊಡೀನ್ ಬಿಡುಗಡೆಯಾಗುವುದು. ಅದನ್ನು ಸೋಡಿಯಂ ಥಯೋಸಲ್ಫೇಟಿನಿಂದ ಅಳೆಯುವರು. ಗಸಿ ಬೆಳ್ಳಗೆಯೇ ಉಳಿಯಿತೆಂದರೆ, ಆ ನೀರಿನಲ್ಲಿ ಮೀನಿಗೆ ಉಸಿರಿಲ್ಲ.

ಈರೀ ಸರೋವರದಲ್ಲಿ ಒಂದು ಸೋಜಿಗವಿದೆ. ಅದಕ್ಕೆ ಮೂರು ಪಾತ್ರಗಳು. ಪಶ್ಚಿಮ ಪಾತ್ರದ ಸರಾಸರಿ ಆಳ 7 ಮೀಟರಿನ ಆಸುಪಾಸು. ಗಾಳಿಯೇ ಅದನ್ನು ತಳದವರೆಗೆ ಕಲಕಬಲ್ಲದು. ಪೂರ್ವ ಪಾತ್ರವು ಒಂದೆಡೆ 64 ಮೀಟರಿನಷ್ಟು ಆಳ. ಉಸಿರು ಕಟ್ಟುವುದು ಈ ಆಳವಾದ ಪಾತ್ರದಲ್ಲಿ ಎಂದು ನಾವು ಊಹಿಸುವೆವು. ಹಾಗಲ್ಲ, ಕಟ್ಟುವುದು ಸುಮಾರು 18 ಮೀಟರ್ ಸರಾಸರಿ ಆಳದ ನಡುವಣ ಪಾತ್ರದಲ್ಲಿ. ಏಕೆಂದರೆ ಅಲ್ಲಿ ಬೆಚ್ಚನೆಯ ಪದರವೇ ಆಳದ ಬಹುಭಾಗವನ್ನು ಆಕ್ರಮಿಸಿ, ತಣ್ಣನೆಯ ಪದರಕ್ಕೆ ಕೆಲವೇ ಮೀಟರುಗಳನ್ನು ಉಳಿಸುವುದು. ಚಿಕ್ಕ ಕಣಜದ ದವಸ ಬೇಗ ಮುಗಿಯುವಂತೆ ಅಲ್ಲಿನ ಆಮ್ಲಜನಕದ ದಾಸ್ತಾನು ಬೇಸಗೆ ಮುಗಿಯುವ ಮೊದಲೇ ತೀರುವುದು. ಲೀಟರಿಗೆ 2 ಮಿಲಿಗ್ರಾಮಿಗಿಂತ ಕಡಮೆ ಆಮ್ಲಜನಕವುಳ್ಳ ಈ ಭಾಗವು ಕೆಲವು ವರ್ಷಗಳಲ್ಲಿ ಸಾವಿರಾರು ಚದರ ಕಿಲೋಮೀಟರ್ ಹರಡುವುದುಂಟು. ಹೊಲಗಳಿಂದ, ವಿಶೇಷವಾಗಿ ಮಾಮೀ ನದಿಯ ಮೂಲಕ, ಹರಿದುಬರುವ ರಂಜಕವು ಪಾಚಿಯನ್ನು ಕೊಬ್ಬಿಸಿ ಈ ತೊಂದರೆಯನ್ನು ಹೆಚ್ಚಿಸುವುದು. ಅದನ್ನು 2008ರ ಮಟ್ಟಕ್ಕಿಂತ ಶೇಕಡ 40ರಷ್ಟು ತಗ್ಗಿಸಬೇಕೆಂದು ಎರಡು ದೇಶಗಳೂ 2016ರಲ್ಲಿ ಗುರಿಯಿಟ್ಟುಕೊಂಡುವು.

ತಳದಲ್ಲಿ ಮೇಯಬೇಕಾದ ಹಳದಿ ಪರ್ಚ್ ಆಗ ಒಂದೋ ಮೇಲಕ್ಕೇರಬೇಕು, ಇಲ್ಲವೇ ಉಸಿರಿಲ್ಲದ ನೀರಿನ ಅಂಚಿಗೆ ಸರಿಯಬೇಕು. ಅಂಚಿನಲ್ಲಿ ಮೀನು ದಟ್ಟವಾಗಿ ನೆರೆಯುವುದರಿಂದ ಬಲೆ ಬೇಗ ತುಂಬುವುದು. ಸರೋವರದಲ್ಲಿ ಮೀನು ಹೇರಳವಾಗಿದೆ ಎಂಬ ಭ್ರಮೆಯೂ ಹುಟ್ಟುವುದು. ಜೋರು ಗಾಳಿಯು ಮೇಲಿನ ನೀರನ್ನು ಒಂದು ಕಡೆಗೆ ತಳ್ಳಿದರೆ ಆ ಕೆಟ್ಟ ನೀರು ಇನ್ನೊಂದು ದಡದಲ್ಲಿ ಮೇಲಕ್ಕೆ ಉಕ್ಕುವುದು. 2012ರ ಸೆಪ್ಟೆಂಬರಿನಲ್ಲಿ ಒಂಟಾರಿಯೊ ದಡದಲ್ಲಿ ಸತ್ತು ಬಿದ್ದ ಮೀನುಗಳ ರಾಶಿಗೆ ಇಂಥ ಉಕ್ಕುವಿಕೆಯೇ ಕಾರಣವೆಂದು ತರ್ಕಿಸಲಾಯಿತು.

ಇನ್ನು ಶರತ್ಕಾಲಕ್ಕೆ ಬರೋಣ. ರಾತ್ರಿಗಳು ತಣ್ಣಗಾದಂತೆ ಮೇಲಿನ ನೀರು ತಣಿದು, ಭಾರವಾಗಿ, ಕೆಳಗಿಳಿಯತೊಡಗುವುದು. ಮೇಲಣ ಪದರದ ಉಷ್ಣತೆ ತಳದ ಉಷ್ಣತೆಯನ್ನು ಸಮೀಪಿಸಿದೊಡನೆ ಒಂದು ಬಲವಾದ ಗಾಳಿ ಸಾಕು, ಎರಡೂ ಬೆರೆತುಹೋಗುವುವು. ಇದನ್ನೇ ಸರೋವರ ಮಗುಚುವುದು ಎನ್ನುವರು. ದೋಸೆಯನ್ನು ಮಗುಚಿದಂತೆ ಅಲ್ಲ, ಹಿಟ್ಟನ್ನು ಕಲಸಿದಂತೆ. ಇದು 4 ಡಿಗ್ರಿಯಲ್ಲಿ ಆಗುವುದೆಂದು ಅನೇಕ ಪಠ್ಯಪುಸ್ತಕಗಳಲ್ಲಿ ಓದುವೆವು. ಈರೀಯ ನಡುಪಾತ್ರದಲ್ಲಿ ತಳದ ನೀರು ಆ ವೇಳೆಗೆ ಅಷ್ಟು ತಣ್ಣಗಿರುವುದೇ ಇಲ್ಲ. ಆದುದರಿಂದ 4 ಡಿಗ್ರಿಗೆ ಬಹಳ ಮೊದಲೇ, ಸಾಮಾನ್ಯವಾಗಿ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿಯೇ, ಅದು ಮಗುಚುವುದು. ಅನಂತರ ಇಡೀ ನೀರು ಒಟ್ಟಾಗಿ ತಣಿಯುವುದು. ತಣಿದಷ್ಟೂ ಅದು ಹೆಚ್ಚು ಆಮ್ಲಜನಕವನ್ನು ಹಿಡಿಯಬಲ್ಲದು: 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ, 10 ಡಿಗ್ರಿಯಲ್ಲಿ 11.3.

ಗಾಳ ಹಾಕುವವನಿಗೆ ಇದರಿಂದ ಮೊದಮೊದಲು ನಷ್ಟವೇ. ನಿನ್ನೆಯವರೆಗೆ ಒಂದು ಅಂಚಿಗೆ ಒತ್ತರಿಸಿಕೊಂಡಿದ್ದ ಮೀನಿಗೆ ಇಂದು ಎಲ್ಲ ಆಳವೂ ಮುಕ್ತದ್ವಾರ, ಅದು ಚದರಿಹೋಗುವುದು. ಮತ್ತೆ ಅದು ಕೂಡುವುದು ಉಸಿರಿಗಾಗಿ ಅಲ್ಲ, ಆಹಾರಕ್ಕಾಗಿ. ಕೊಲ್ಲಿಗಳಲ್ಲಿ ನೀರುಗಿಡಗಳು ಬಾಡತೊಡಗಲು, ಅವುಗಳ ಮರೆಯಲ್ಲಿದ್ದ ಬ್ಲೂಗಿಲ್ ಮೊದಲಾದುವು ಇನ್ನೂ ಹಸಿರಾಗಿರುವ ಗಿಡಗಳ ಕಡೆಗೋ ಆಳದ ಕಡೆಗೋ ಸರಿಯುವುವು. ಕಿರುಬಾಯಿ ಬ್ಯಾಸ್ ಕಲ್ಲುದಿಣ್ಣೆಗಳನ್ನು ಹಿಡಿಯುವುದು. ಚಳಿಗಾಲದಲ್ಲಿ ಅದು ಬಹುಮಟ್ಟಿಗೆ ಮಂಕಾಗಿ, ಅತ್ಯಲ್ಪವನ್ನು ತಿಂದು ಕಾಲ ಕಳೆಯುವುದರಿಂದ ಶರತ್ಕಾಲದಲ್ಲಿಯೇ ಮೈತುಂಬಿಕೊಳ್ಳಬೇಕು. ಈಗ ಅದರ ಮುಖ್ಯ ಆಹಾರವೆಂದರೆ ರೌಂಡ್ ಗೋಬಿ ಎಂಬ ಸಣ್ಣ ಮೀನು. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ಈ ಜೀವಿಯು ಹಡಗುಗಳ ಭಾರನೀರಿನಲ್ಲಿ ಬಂದಿತು. ಈ ಸರೋವರಗಳ ನೀರಿನಲ್ಲಿ ಮೊದಲು ಕಂಡುದು 1990ರಲ್ಲಿ. ವಸಂತದಲ್ಲಿ ಗೂಡು ಕಾಯುವ ಗಂಡು ಬ್ಯಾಸನ್ನು ಗಾಳವು ಎಳೆದೊಯ್ದರೆ, ಗೋಬಿಗಳು ನುಗ್ಗಿ ಮೊಟ್ಟೆಗಳನ್ನು ತಿಂದುಬಿಡುವುವು. ಶರತ್ಕಾಲದಲ್ಲಿ ಬ್ಯಾಸ್ ಗೋಬಿಗಳನ್ನು ತಿನ್ನುವುದು. ಲೆಕ್ಕ ಸಮವಾಯಿತೆಂದು ಹೇಳುವುದು ಕಷ್ಟ.

ಆಳದ ಬೇಟೆಯಲ್ಲಿ ಒಂದು ಅಪಾಯವುಂಟು. ಅದು ಬಾಯ್ಲನ ನಿಯಮಕ್ಕೆ ಸಂಬಂಧಿಸಿದ್ದು. ಬ್ಯಾಸ್, ಪರ್ಚ್ ಎರಡಕ್ಕೂ ಹೊಟ್ಟೆಯೊಳಗೆ ಮುಚ್ಚಿದ ಗಾಳಿಚೀಲವಿದೆ. ಅದರಿಂದ ಗಂಟಲಿಗೆ ದಾರಿಯಿಲ್ಲ. 10 ಮೀಟರ್ ಆಳದಲ್ಲಿ ಒತ್ತಡವು ಎರಡು ವಾಯುಮಂಡಲಗಳಷ್ಟು. 20 ಮೀಟರಿನಲ್ಲಿ ಮೂರರಷ್ಟು. ಅಲ್ಲಿಂದ ಮೀನನ್ನು ಥಟ್ಟನೆ ಮೇಲೆಳೆದರೆ ಚೀಲವು ಎರಡು ಮೂರು ಪಟ್ಟು ಉಬ್ಬಲೆತ್ನಿಸಿ ಒಳಗಿನ ಅಂಗಗಳನ್ನು ಒತ್ತುವುದು. ಹಿಡಿದು ಬಿಟ್ಟೆನೆಂಬ ತೃಪ್ತಿಯಿಂದ ಮನುಷ್ಯನು ಮನೆಗೆ ಹೋಗುವನು. ಮೀನು ಮಾತ್ರ ಕೆಳಗಿಳಿಯಲಾರದೆ ನೀರಿನ ಮೇಲೆ ತೇಲುತ್ತ ಸಾಯಬಹುದು. ಬಿಡಬೇಕೆನ್ನುವವರು ಆಳವಲ್ಲದ ನೀರಿನಲ್ಲಿ ಹಿಡಿಯುವುದೇ ಲೇಸು. ಆಳದಲ್ಲಿ ಹಿಡಿಯುವವರು ತಿನ್ನುವಷ್ಟನ್ನು ಹಿಡಿದು ನಿಲ್ಲಿಸುವುದು ಲೇಸು. ಈರೀಯ ಪರ್ಚ್ ಮೀನನ್ನು ವರ್ಷಕ್ಕೆ ಎಷ್ಟು ಹಿಡಿಯಬಹುದೆಂಬುದನ್ನು ಎರಡು ದೇಶಗಳ ಮೀನುಗಾರಿಕೆಯ ಅಧಿಕಾರಿಗಳು ಕೂಡಿ ನಿಗದಿಮಾಡುವರು.

ಆ ಲೆಕ್ಕಕ್ಕೆ ಈಗ ಚಳಿಗಾಲವೂ ಸೇರಿಕೊಂಡಿದೆ. ಶರತ್ಕಾಲದಲ್ಲಿ ಬೆಳೆಯತೊಡಗುವ ಹೆಣ್ಣು ಪರ್ಚಿನ ಅಂಡಗಳು ಚಳಿಗಾಲವೆಲ್ಲ ನಿಧಾನವಾಗಿ ಬಲಿಯುವುವು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ, ಚಳಿಗಾಲವು ಮೋಟಾಗಿ ಬೆಚ್ಚಗಾದರೆ ಈರೀಯ ಪರ್ಚುಗಳು ಇಡುವ ಮೊಟ್ಟೆಗಳು ಚಿಕ್ಕವಾಗಿ, ಅವುಗಳಿಂದ ಮರಿಗಳು ಹೊರಡುವುದೂ ಕಡಮೆಯಾಗುವುದೆಂದು ತಿಳಿದುಬಂದಿತು. ಚಳಿ ಸಾಕಷ್ಟು ಬಿದ್ದ ವರ್ಷದಲ್ಲಿ, ಮಂಜುಗಡ್ಡೆ ಕರಗಿದ ಮೇಲೆ, ಅವು ಮಡಿಕೆಮಡಿಕೆಯಾದ ಲೋಳೆಯ ಪಟ್ಟಿಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಕಡ್ಡಿಗಿಡಗಳ ಮೇಲೆ ತೂಗಹಾಕುವುವು.